ಮಗಳಿಗೆ ಸೀರಿಯಲ್‌ನಲ್ಲಿ ನಾಯಕಿ ಪಾತ್ರ ಬಂದಿದೆ, ಕಳುಹಿಸಬಹುದಾ?

ಪ್ರಶ್ನೆ: ನಾವು ಉಡುಪಿಯವರು. ಮಗಳಿಗೆ 21 ವರ್ಷ, ಬಿಕಾಂ ಕೊನೆಯ ಸೆಮಿಸ್ಟರ್. ಕಾಲೇಜಿನಲ್ಲಿ ನಾಟಕ ಮಾಡುತ್ತಾಳೆ. ಒಂದು ತುಳು ನಾಟಕ ತಂಡದಲ್ಲೂ ಎರಡು ಸೀಸನ್ ಇದ್ದಳು. ಈಗ ಬೆಂಗಳೂರಿನಿಂದ ಒಂದು ಕನ್ನಡ ಸೀರಿಯಲ್‌ನ ನಾಯಕಿ ಪಾತ್ರಕ್ಕೆ ಲುಕ್ ಟೆಸ್ಟ್‌ಗೆ (ಮುಖ, ಉಡುಗೆ ಪಾತ್ರಕ್ಕೆ ಹೊಂದುತ್ತದಾ ಅಂತ ಕ್ಯಾಮೆರಾದಲ್ಲಿ ನೋಡುವುದಕ್ಕೆ) ಕರೆದಿದ್ದಾರೆ. ಅವಳ ಅಪ್ಪನಿಗೆ ಇಷ್ಟ ಇಲ್ಲ. ನನಗೆ ಹೆದರಿಕೆ. ಕೆಲಸ ಹೇಗಿರುತ್ತದೆ? ದುಡ್ಡು ಸರಿಯಾಗಿ ಸಿಗುತ್ತದಾ? ಸೀರಿಯಲ್ ಮುಗಿದ ಮೇಲೆ ಏನು?

ಉತ್ತರ: ಅಕ್ಕಾ, ನಿಮ್ಮ ಮೂರನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಯಾಕೆಂದರೆ ಹೊಸದಾಗಿ ಬರುವವರು ಯಾರೂ ಇದನ್ನು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಪಾತ್ರ ಸಿಕ್ಕಿತು, ಮಂಗಳೂರಿನಿಂದ ರಾತ್ರಿ ಬಸ್ ಹತ್ತಿದೆ, ಅಷ್ಟೇ. ಎರಡೂವರೆ ವರ್ಷದ ನಂತರ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಮ್ಯಾನೇಜರ್ ಬಂದು, "ಮೇಡಂ, ಈ ತಿಂಗಳು 20ಕ್ಕೆ ಕ್ಲೈಮ್ಯಾಕ್ಸ್ ಶೂಟ್" ಅಂದರು. ಅದಾದ ಮೇಲೆ ಹನ್ನೊಂದು ತಿಂಗಳು ನನಗೆ ಒಂದು ದಿನದ ಕೆಲಸವೂ ಇರಲಿಲ್ಲ.

ನಾನು ಕೆಟ್ಟದಾಗಿ ನಟಿಸಿದ್ದಕ್ಕೆ ಹಾಗಾದದ್ದಲ್ಲ. ಸೀರಿಯಲ್ ಚೆನ್ನಾಗಿ ಓಡಿತ್ತು. ಅದೇ ತೊಂದರೆ. ವಾರಕ್ಕೆ ಐದಾರು ದಿನ ಜನ ನಿಮ್ಮ ಮುಖ ನೋಡುತ್ತಾರೆ. ನಿಮ್ಮ ಹೆಸರು ಮರೆತು ಪಾತ್ರದ ಹೆಸರಲ್ಲೇ ಕರೆಯುತ್ತಾರೆ. ಕಥೆ ಮುಗಿದ ಕೂಡಲೇ ಅದೇ ಮುಖವನ್ನು ಇನ್ನೊಂದು ಮನೆಯ ಸೊಸೆಯಾಗಿ ತೋರಿಸಲು ಚಾನೆಲ್‌ನವರು ಹಿಂದೆ ಮುಂದೆ ನೋಡುತ್ತಾರೆ. "ಸ್ವಲ್ಪ ಗ್ಯಾಪ್ ಆಗಲಿ ಮೇಡಂ" ಅನ್ನುತ್ತಾರೆ. ಆ ಗ್ಯಾಪ್‌ನಲ್ಲೇ ಎಷ್ಟೋ ಹುಡುಗಿಯರು ಊರಿಗೆ ವಾಪಸ್ ಬಂದದ್ದನ್ನು ನೋಡಿದ್ದೇನೆ. ಒಳ್ಳೆಯ ನಟಿಯರು. ಅವರ ಕೈಯಲ್ಲಿ ಆರು ತಿಂಗಳ ಮನೆ ಬಾಡಿಗೆಗೆ ದುಡ್ಡು ಇರಲಿಲ್ಲ, ಅಷ್ಟೇ.

ಹಾಗಾಗಿ ನಾನು ಹೇಳುವುದು ಒಂದೇ ಮಾತು. ಮಗಳು ನಾಯಕಿ ಆಗಬಹುದಾ ಅಂತ ಯೋಚಿಸಬೇಡಿ. ನಾಯಕಿ ಕಾಲ ಮುಗಿದ ಮೇಲೂ ನಟಿಯಾಗಿ ಉಳಿಯಲು ಅವಳು ತಯಾರಿದ್ದಾಳಾ ಅಂತ ನೋಡಿ. ನಾಯಕಿ ಕಾಲ ಸಾಮಾನ್ಯವಾಗಿ ಒಂದೋ ಎರಡೋ ಸೀರಿಯಲ್. 'ಅಗ್ನಿಸಾಕ್ಷಿ', 'ಪುಟ್ಟಗೌರಿ ಮದುವೆ' ಥರ ಐದಾರು ವರ್ಷ ಓಡಿದವು ಇವೆ ನಿಜ. ಆದರೆ ಒಂದು ವರ್ಷ ತುಂಬುವ ಮೊದಲೇ ಮುಗಿದವು ಅದಕ್ಕಿಂತ ಎಷ್ಟೋ ಜಾಸ್ತಿ. ಅವುಗಳ ಹೆಸರೇ ನಮಗೆ ನೆನಪಿರುವುದಿಲ್ಲ, ಅಲ್ವಾ?

ನಾಯಕಿ ಕಾಲದ ನಂತರದ ದಾರಿ ಉದ್ದವಿದೆ, ಮತ್ತು ಅದು ಚೆನ್ನಾಗಿಯೇ ಇದೆ. ನಿಮ್ಮ ಉಡುಪಿಯವರೇ ಆದ ವಿನಯಾ ಪ್ರಸಾದ್ ಅವರನ್ನು ನೋಡಿ. ಸಿನಿಮಾದಲ್ಲಿ ನಾಯಕಿಯಾಗಿದ್ದರು. ತೊಂಬತ್ತರ ದಶಕದ ಕೊನೆಗೆ ಮಲಯಾಳಂನ 'ಸ್ತ್ರೀ' ಧಾರಾವಾಹಿ ಅವರನ್ನು ಕೇರಳದ ಮನೆ ಮನೆಗೆ ತಲುಪಿಸಿತು. ಆಮೇಲೆ ಜೀ ಕನ್ನಡದ 'ಪಾರು'ವಿನಲ್ಲಿ ಅಖಿಲಾಂಡೇಶ್ವರಿಯಾಗಿ ಬಂದರು. ನಾಯಕಿಯ ಅತ್ತೆಯ ಪಾತ್ರ. ಆದರೆ ಜನ ಸೀರಿಯಲ್ ಹಾಕುತ್ತಿದ್ದದ್ದು ಅವರ ಗತ್ತು ನೋಡಲಿಕ್ಕೂ ಹೌದು. 'ಪುಟ್ಟಕ್ಕನ ಮಕ್ಕಳು' ಉಮಾಶ್ರೀ ಅವರ ಹೆಗಲ ಮೇಲೆ ನಿಂತಿತು. 'ಶ್ರೀರಸ್ತು ಶುಭಮಸ್ತು'ವಿನಲ್ಲಿ ಸುಧಾರಾಣಿ ನಡುವಯಸ್ಸಿನ ಹೆಂಗಸಿನ ಪಾತ್ರ ಮಾಡಿದರು, ಕಥೆಯೇ ಆಕೆಯದ್ದು. ಇವರೆಲ್ಲ ಸಿನಿಮಾದಿಂದ ದೊಡ್ಡ ಹೆಸರು ತಂದವರು, ಒಪ್ಪುತ್ತೇನೆ. ಆದರೆ ನಲವತ್ತು ದಾಟಿದ ಹೆಂಗಸಿಗೆ ಇಷ್ಟು ಗಟ್ಟಿ ಪಾತ್ರಗಳನ್ನು ಸಿನಿಮಾ ಕೊಡಲಿಲ್ಲ, ಸೀರಿಯಲ್ ಕೊಟ್ಟಿತು. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ.

ಸೀರಿಯಲ್‌ನಿಂದ ಸಿನಿಮಾಕ್ಕೆ ಹೋದವರೂ ಇದ್ದಾರೆ. ರಾಧಿಕಾ ಪಂಡಿತ್ 'ನಂದಗೋಕುಲ'ದಿಂದ ಹೋದರು, ರಚಿತಾ ರಾಮ್ 'ಅರಸಿ'ಯಿಂದ ಹೋದರು. ಆದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಮನೆ ಬಿಡಬೇಡಿ. ಹಾಗೆ ಹೋದವರು ಕೆಲವೇ ಜನ.

ಈಗ ಕೆಲಸದ ವಿಷಯ. ಒಂದು ದಿನ ಹೇಗಿರುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ಅವಳ ಅಪ್ಪನಿಗೂ ಓದಿ ಹೇಳಿ.

ಬೆಳಿಗ್ಗೆ ಏಳರ ಒಳಗೆ ಗಾಡಿ ಬರುತ್ತದೆ. ಶೂಟಿಂಗ್ ಮನೆ ತಲುಪಿ ಮೇಕಪ್, ಕೂದಲು, ಸೀರೆ. ಒಂಬತ್ತಕ್ಕೆ ಮೊದಲ ಶಾಟ್. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ತೆಗೆದರೆ ಉಳಿಯುವುದು ಸುಮಾರು 22 ನಿಮಿಷ. ದಿನಕ್ಕೆ ಹತ್ತಿರ ಹತ್ತಿರ ಒಂದು ಎಪಿಸೋಡ್‌ನಷ್ಟು ತೆಗೆಯಲೇಬೇಕು. ಇಲ್ಲದಿದ್ದರೆ ಬ್ಯಾಂಕಿಂಗ್ ಇರುವುದಿಲ್ಲ. ಮುಂದಿನ ದಿನಗಳಿಗೆ ತೆಗೆದಿಟ್ಟ ಎಪಿಸೋಡ್‌ಗಳಿಗೆ ನಾವು ಬ್ಯಾಂಕಿಂಗ್ ಅನ್ನುತ್ತೇವೆ. ಅದು ಖಾಲಿಯಾದರೆ ಇವತ್ತು ತೆಗೆದದ್ದು ನಾಳೆ ರಾತ್ರಿಯೇ ಟೀವಿಯಲ್ಲಿ ಬರಬೇಕು. ಆಗ ರಾತ್ರಿ ಒಂಬತ್ತಕ್ಕೆ ಆಗಬೇಕಾದ ಪ್ಯಾಕಪ್ ಹನ್ನೊಂದು ಗಂಟೆಗೆ ಹೋಗುತ್ತದೆ.

ಸೀನ್ ಪೇಪರ್ ಹಿಂದಿನ ದಿನ ಸಿಗುತ್ತದೆ ಅಂತ ನಂಬಬೇಡಿ. ಎಷ್ಟೋ ಸಲ ಮೇಕಪ್ ಕುರ್ಚಿಯಲ್ಲಿ ಕೂತಾಗ ಮೊಬೈಲ್‌ಗೆ ಬರುತ್ತದೆ. ಹಾಗಾಗಿಯೇ ನಮ್ಮಲ್ಲಿ ಪ್ರಾಂಪ್ಟಿಂಗ್ ಇದೆ. ಕ್ಯಾಮೆರಾ ಪಕ್ಕ ನಿಂತು ಸಹಾಯಕ ನಿರ್ದೇಶಕರು ಮಾತು ಓದುತ್ತಾರೆ. ನಾವು ಅದನ್ನು ಕೇಳಿಸಿಕೊಳ್ಳುತ್ತಲೇ, ಕೇಳಿಸಿಕೊಳ್ಳದವರ ಹಾಗೆ ಹೇಳಬೇಕು. ನಾಟಕದಿಂದ ಬಂದ ಮಕ್ಕಳಿಗೆ ಇದು ತುಂಬಾ ಕಷ್ಟ. ತಿಂಗಳುಗಟ್ಟಲೆ ರಿಹರ್ಸಲ್ ಮಾಡಿ, ಮಾತನ್ನು ಮೈಗೆ ಇಳಿಸಿಕೊಂಡವರು ಅವರು. ಇಲ್ಲಿ ಮಾತು ಕಿವಿಯಿಂದ ಬಾಯಿಗೆ ಬರುವುದರೊಳಗೆ ಕಣ್ಣಲ್ಲಿ ಭಾವ ಬಂದಿರಬೇಕು. ನನ್ನ ಮೊದಲ ವಾರ ನಾನು ಪ್ರಾಂಪ್ಟರ್ ಕಡೆಗೇ ತಿರುಗುತ್ತಿದ್ದೆ. ಎಂಟು ಹತ್ತು ಟೇಕ್ ಆಗುತ್ತಿತ್ತು. ಮಗಳಿಗೆ ಈಗಲೇ ಅಭ್ಯಾಸ ಮಾಡಿಸಿ. ನೀವು ಪಕ್ಕದ ಕೋಣೆಯಿಂದ ದಿನಪತ್ರಿಕೆ ಓದಿ, ಅವಳು ಕನ್ನಡಿ ನೋಡುತ್ತಾ ಅದನ್ನೇ ಹೇಳಲಿ. ಎರಡು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ತುಳು ನಾಟಕದ ಅಭ್ಯಾಸ. ಸಾವಿರ ಜನರ ಎದುರು ನಗುವಿನ ಟೈಮಿಂಗ್ ಕಲಿತವಳು ಅವಳು. ಆ ಶಿಕ್ಷಣ ಬೆಂಗಳೂರಿನ ಯಾವ ಆ್ಯಕ್ಟಿಂಗ್ ಕ್ಲಾಸಿನಲ್ಲೂ ಸಿಗುವುದಿಲ್ಲ. ಆದರೆ ಕೊನೆಯ ಸಾಲಿನವರಿಗೆ ಕಾಣಲಿ ಅಂತ ಏರಿಸುವ ಹುಬ್ಬು ಕ್ಲೋಸಪ್‌ನಲ್ಲಿ ಬೆಟ್ಟದಷ್ಟು ಕಾಣುತ್ತದೆ. ಧ್ವನಿಯೂ ಹಾಗೇ. ಇಳಿಸುವುದು ಕಲಿಯಬೇಕು. ಇರುವುದನ್ನು ಇಳಿಸಬಹುದು. ಇಲ್ಲದವರಿಗೆ ಏರಿಸುವುದು ಕಷ್ಟ.

ಭಾಷೆಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಕರಾವಳಿಯ ಹುಡುಗಿಯರು ಇಲ್ಲೇ ಎಡವುತ್ತಾರೆ. ನಾವು "ಬರ್ತೇನೆ" ಅನ್ನುತ್ತೇವೆ, ಅಲ್ಲಿ "ಬರ್ತೀನಿ". ನಮಗೆ "ಉಂಟು", ಅಲ್ಲಿ "ಇದೆ". ನಾವು "ಮಾಡ್ಲಿಕ್ಕೆ" ಅಂದರೆ ಅವರು "ಮಾಡೋಕೆ" ಅನ್ನುತ್ತಾರೆ. ಪದ ಬದಲಿಸುವುದು ಸುಲಭ, ಒಂದು ತಿಂಗಳ ಕೆಲಸ. ಮಾತಿನ ಏರಿಳಿತ ಬದಲಿಸುವುದು ಕಷ್ಟ. ನಮ್ಮ ವಾಕ್ಯಗಳಿಗೆ ತುಳುವಿನದೋ ಕುಂದಾಪ್ರ ಕನ್ನಡದ್ದೋ ಒಂದು ರಾಗ ಇರುತ್ತದೆ. ಸಿಟ್ಟಿನ ಸೀನ್‌ನಲ್ಲಿ ಅದು ತಾನಾಗಿ ಹೊರಗೆ ಬರುತ್ತದೆ. ಸೆಟ್‌ನಲ್ಲಿ ನಗು ಏಳುತ್ತದೆ. ನನಗೆ ಆ ನಗು ಎಷ್ಟು ನೋವು ಕೊಟ್ಟಿತ್ತು ಅಂದರೆ, ಆರು ತಿಂಗಳು ಮನೆಗೆ ಫೋನ್ ಮಾಡಿದಾಗಲೂ ಅಮ್ಮನ ಹತ್ತಿರ ಬೆಂಗಳೂರು ಕನ್ನಡದಲ್ಲೇ ಮಾತಾಡಿದೆ. ಅಮ್ಮ ಒಂದು ದಿನ, "ನೀನು ಯಾರ ಮಗಳೆಂದೇ ಗೊತ್ತಾಗುವುದಿಲ್ಲ" ಅಂದರು. ಆ ತಪ್ಪು ನಿಮ್ಮ ಮಗಳು ಮಾಡುವುದು ಬೇಡ. ಕ್ಯಾಮೆರಾ ಮುಂದೆ ಆ ಕನ್ನಡ, ಮನೆಯಲ್ಲಿ ನಮ್ಮದು. ಎರಡೂ ಇರಲಿ.

ಮತ್ತೆ ನಮ್ಮ ಕಡೆಯವರ ಬಲವೂ ಭಾಷೆಯೇ. ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಮಹಾಪ್ರಾಣ ತಪ್ಪುವುದಿಲ್ಲ, 'ಹ'ಕಾರ ಬಿದ್ದು ಹೋಗುವುದಿಲ್ಲ. ಪೌರಾಣಿಕ ಧಾರಾವಾಹಿ ಮತ್ತು ಡಬ್ಬಿಂಗ್ ಕೆಲಸದಲ್ಲಿ ಇದಕ್ಕೆ ನಿಜವಾದ ಬೆಲೆ ಇದೆ. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಸ್ಟಾರ್ ಸುವರ್ಣದಲ್ಲಿ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಬಂತು, ನೆನಪಿದೆಯಾ? ನಮ್ಮ ಕೆಲಸ ಕಡಿಮೆಯಾಗುತ್ತದೆ ಅಂತ ನಟರಲ್ಲಿ ಹಲವರು ಅದನ್ನು ವಿರೋಧಿಸಿದರು, ನನಗೂ ಭಯ ಇತ್ತು. ಆದರೆ ಕಂಠ ಚೆನ್ನಾಗಿದ್ದವರಿಗೆ ಡಬ್ಬಿಂಗ್ ಕೈ ಹಿಡಿಯಿತು. ನನ್ನ ಇನ್ನೊಂದು ಖಾಲಿ ವರ್ಷವನ್ನು ದಾಟಿಸಿದ್ದು ಅದೇ. ಮಗಳು ನಟನೆಯ ಜೊತೆಗೆ ಇದನ್ನೂ ಕಲಿಯಲಿ.

ಇನ್ನು ದುಡ್ಡು. ಸೀರಿಯಲ್‌ನಲ್ಲಿ ತಿಂಗಳ ಸಂಬಳ ಇಲ್ಲ, ದಿನದ ಲೆಕ್ಕ. ನಾಯಕಿಗೆ ತಿಂಗಳಿಗೆ 20 ದಿನದವರೆಗೂ ಕೆಲಸ ಬರಬಹುದು. ಅತ್ತಿಗೆ, ಚಿಕ್ಕಮ್ಮ ಥರದ ಪಾತ್ರಗಳಿಗೆ ಹತ್ತು ದಿನ ಸಿಕ್ಕಿದರೆ ಒಳ್ಳೆಯ ತಿಂಗಳು. ಹೊಸಬರ ದಿನದ ರೇಟ್ ಚಾನೆಲ್, ಪಾತ್ರ, ನಿರ್ಮಾಣ ಸಂಸ್ಥೆ ನೋಡಿ ಬದಲಾಗುತ್ತದೆ. ಸುಮ್ನೆ ಲೆಕ್ಕಕ್ಕೆ ದಿನಕ್ಕೆ 5,000 ರೂಪಾಯಿ ಅಂತ ಇಟ್ಟುಕೊಳ್ಳಿ. 15 ದಿನಕ್ಕೆ 75,000. ಕೇಳಲು ಚೆನ್ನಾಗಿದೆ. ಅದರಲ್ಲಿ 10% ಟಿಡಿಎಸ್, ಅಂದರೆ ಮೊದಲೇ ಕಳೆಯುವ ಆದಾಯ ತೆರಿಗೆ, ಹಿಡಿಯುತ್ತಾರೆ. ಕೈಗೆ 67,500. ಅದು ಬರುವುದು ಎರಡು ಮೂರು ತಿಂಗಳು ಕಳೆದ ಮೇಲೆ. ಅಷ್ಟರವರೆಗೆ ಬಾಡಿಗೆ, ಮುಂಗಡ, ಊಟ ನೀವೇ ನೋಡಿಕೊಳ್ಳಬೇಕು. ಸೀರೆ, ರವಿಕೆ, ಆಭರಣವನ್ನು ಎಷ್ಟೋ ಕಡೆ ಕಲಾವಿದೆಯೇ ತರಬೇಕು. ಶ್ರೀಮಂತರ ಮನೆಯ ಕಥೆಯಾದರೆ ಉಟ್ಟ ಸೀರೆಯನ್ನೇ ಮತ್ತೆ ಮತ್ತೆ ಉಡಲಾಗುವುದಿಲ್ಲ. ಮೊದಲ ವರ್ಷ ನನ್ನ ದುಡಿಮೆಯಲ್ಲಿ ದೊಡ್ಡ ಪಾಲು ಬಟ್ಟೆಗೇ ಹೋಯಿತು. ಹಾಗಾಗಿ ಮಾತುಕತೆಗೆ ಕೂತಾಗ ಕಾಸ್ಟ್ಯೂಮ್ ಯಾರದ್ದು ಅಂತ ಮೊದಲು ಕೇಳಿ. ಇದನ್ನು ಕೇಳಲು ನಾಚಿಕೆ ಬೇಡ.

ಟಿಡಿಎಸ್ ಹಿಡಿದರು ಅಂತ ಬಿಟ್ಟುಬಿಡಬೇಡಿ. ಪ್ರತಿ ವರ್ಷ ರಿಟರ್ನ್ಸ್ ಸಲ್ಲಿಸಿದರೆ, ಅವಳ ಆದಾಯಕ್ಕೆ ಬರುವ ತೆರಿಗೆಗಿಂತ ಜಾಸ್ತಿ ಹಿಡಿದದ್ದು ವಾಪಸ್ ಬರುತ್ತದೆ. ನಿಮ್ಮ ಮಗಳು ಬಿಕಾಂ, ಅವಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಪಿಎಫ್, ಇಎಸ್‌ಐ ಅಂತ ಈ ಕೆಲಸದಲ್ಲಿ ನಿರೀಕ್ಷೆ ಬೇಡ. ಆರೋಗ್ಯ ವಿಮೆ ನೀವೇ ಮಾಡಿಸಿ.

ನನಗೆ ಒಂದು ನಿರ್ಮಾಣ ಸಂಸ್ಥೆಯಿಂದ ಎರಡು ತಿಂಗಳ ದುಡ್ಡು ಇವತ್ತಿಗೂ ಬಂದಿಲ್ಲ. ಸೀರಿಯಲ್ ಅರ್ಧದಲ್ಲಿ ನಿಂತಿತು, ಆಫೀಸ್ ಖಾಲಿಯಾಯಿತು. ಎಷ್ಟು ದಿನ ಕೆಲಸ ಮಾಡಿದ್ದೆ ಅಂತ ನನ್ನ ಹತ್ತಿರ ಬರೆದಿಟ್ಟ ದಾಖಲೆ ಇರಲಿಲ್ಲ. ಅಲ್ಲಿಂದ ಮುಂದೆ ಒಂದು ಡೈರಿ ಇಟ್ಟೆ. ತಾರೀಕು, ಗಾಡಿ ಬಂದ ಹೊತ್ತು, ಪ್ಯಾಕಪ್ ಹೊತ್ತು, ಸೀನ್ ನಂಬರ್. ಎಷ್ಟು ಹೊತ್ತಿಗೆ ಸೆಟ್‌ಗೆ ಬರಬೇಕು ಅಂತ ಕಳುಹಿಸುವ ಕಾಲ್‌ಟೈಮ್ ಮೆಸೇಜ್‌ಗಳನ್ನು ಅಳಿಸುವುದಿಲ್ಲ. ಆಮೇಲೆ ಒಮ್ಮೆ ತಕರಾರು ಬಂದಾಗ ಆ ಡೈರಿ ತೋರಿಸಿದೆ, ಒಂದೇ ವಾರದಲ್ಲಿ ಚೆಕ್ ಬಂತು.

ಅಗ್ರಿಮೆಂಟ್ ಬಂದರೆ ಪರಿಚಯದ ವಕೀಲರಿಗೆ ತೋರಿಸಿ. ಮುಖ್ಯವಾಗಿ ನೋಡಬೇಕಾದದ್ದು, ಬೇರೆ ಚಾನೆಲ್‌ನಲ್ಲಿ ಕೆಲಸ ಮಾಡಬಾರದು ಅಂತ ಎಷ್ಟು ಕಾಲ ಕಟ್ಟಿಹಾಕುತ್ತಾರೆ ಅನ್ನುವುದು. ಹಾಗೆ ಕಟ್ಟಿಹಾಕಿದರೆ ತಿಂಗಳಿಗೆ ಇಷ್ಟು ದಿನದ ಕೆಲಸ ಖಂಡಿತ ಕೊಡುತ್ತೇವೆ ಅಂತಲೂ ಬರೆಸಿಕೊಳ್ಳಿ. ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಅನ್ನುವುದನ್ನೂ ಓದಿ. ಕಥೆಯಲ್ಲಿ ಅವಳ ಪಾತ್ರವನ್ನು ಅವರು ಯಾವಾಗ ಬೇಕಾದರೂ ಫಾರಿನ್‌ಗೆ ಕಳುಹಿಸಬಹುದು, ಕೋಮಾದಲ್ಲಿ ಮಲಗಿಸಬಹುದು. ಗುರುವಾರ ಬರುವ ಟಿಆರ್‌ಪಿ (ಎಷ್ಟು ಜನ ನೋಡಿದರು ಅನ್ನುವ ನಂಬರ್) ನೋಡಿ ಇದೆಲ್ಲ ತೀರ್ಮಾನ ಆಗುತ್ತದೆ. ಅವಳ ನಟನೆಗೂ ಇದಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಸ್ಲಾಟ್ ಬದಲಾದರೂ ನಂಬರ್ ಬೀಳುತ್ತದೆ. ಎದುರು ಚಾನೆಲ್‌ನಲ್ಲಿ ಹೊಸ ಸೀರಿಯಲ್ ಶುರುವಾದರೂ ಬೀಳುತ್ತದೆ. ಇದು ಅವಳಿಗೆ ಮೊದಲೇ ಗೊತ್ತಿರಲಿ. ಗೊತ್ತಿಲ್ಲದೆ ನಾನು ತಿಂಗಳುಗಟ್ಟಲೆ, ನನ್ನಲ್ಲೇ ಏನೋ ತಪ್ಪಿದೆ ಅಂತ ಅತ್ತಿದ್ದೇನೆ.

ನೀವು ಬರೆಯದೇ ಬಿಟ್ಟ ಹೆದರಿಕೆ ಒಂದಿದೆ. ಅದಕ್ಕೂ ಉತ್ತರ ಹೇಳುತ್ತೇನೆ. ಕೆಟ್ಟವರು ಇದ್ದಾರೆ. ಕೇರಳದ ಸಿನಿಮಾ ರಂಗದಲ್ಲಿ ಹೆಂಗಸರಿಗೆ ಆಗುವ ಕಿರುಕುಳದ ಬಗ್ಗೆ ಹೇಮಾ ಸಮಿತಿ ಕೊಟ್ಟ ವರದಿ 2024ರ ಆಗಸ್ಟ್‌ನಲ್ಲಿ ಹೊರಗೆ ಬಂದಾಗ ನಮ್ಮಲ್ಲಿ ಯಾರಿಗೂ ಹೊಸ ವಿಷಯ ಅನ್ನಿಸಲಿಲ್ಲ. ಸೀರಿಯಲ್ ಸೆಟ್‌ಗಳು ಒಂದು ರೀತಿಯಲ್ಲಿ ವಾಸಿ. ದಿನವೂ ಅದೇ ಜನ, ಅದೇ ಮನೆ, ಹೆಂಗಸರು ಜಾಸ್ತಿ. ಆದರೆ ಎಚ್ಚರ ಬೇಕೇ ಬೇಕು. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಸಮಿತಿ ಇಲ್ಲದಿದ್ದರೆ, ಅಥವಾ ದೂರು ಕೆಲಸ ಕೊಟ್ಟ ಯಜಮಾನನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಘಟನೆ ನಡೆದ ಮೂರು ತಿಂಗಳ ಒಳಗೆ ಬರೆದು ಕೊಡಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಮಗಳು ಮೊದಲ ದಿನವೇ ಕೇಳಲಿ. ಕೇಳುವ ಹುಡುಗಿಯ ಹತ್ತಿರ ಜನ ಹುಷಾರಾಗಿ ಇರುತ್ತಾರೆ, ಇದು ನಾನು ಕಂಡದ್ದು.

ಪಾತ್ರ ಕೊಡಿಸುತ್ತೇನೆ ಅಂತ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ನಿಜವಾದ ಸೀರಿಯಲ್‌ಗೆ ಯಾರೂ ಕಲಾವಿದೆಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ರಿಜಿಸ್ಟ್ರೇಶನ್ ಇಲ್ಲ, ಡೆಪಾಸಿಟ್ ಇಲ್ಲ. ಮ್ಯಾನೇಜರ್ ಕಮಿಷನ್ ಅನ್ನುವುದು ಇದೆ, ಆದರೆ ಅದು ದುಡಿದ ದುಡ್ಡು ಬಂದ ಮೇಲೆ. ಲುಕ್ ಟೆಸ್ಟ್ ಹಗಲು ಹೊತ್ತಲ್ಲಿ, ಆಫೀಸಿನಲ್ಲೋ ಸ್ಟುಡಿಯೋದಲ್ಲೋ ನಡೆಯುತ್ತದೆ. ಮೇಕಪ್‌ನವರು, ಕ್ಯಾಮೆರಾದವರು ಇರುತ್ತಾರೆ. ಹೋಟೆಲ್ ರೂಮಿಗೆ ಕರೆದರೆ ಹೋಗಬೇಡಿ. ಕರೆದವರು ಹೇಳುವ ಚಾನೆಲ್‌ಗೆ ನೀವೇ ಫೋನ್ ಮಾಡಿ ವಿಚಾರಿಸಿ. ಯಾರೂ ತಪ್ಪು ತಿಳಿಯುವುದಿಲ್ಲ.

ಊರಿನವರ ಮಾತಿನ ಬಗ್ಗೆ ಅಪ್ಪನಿಗೆ ಚಿಂತೆ ಇರಬಹುದು. ನಾನು ವಿಲನ್ ಪಾತ್ರ ಮಾಡುತ್ತಿದ್ದಾಗ ಕಂಕನಾಡಿ ಮಾರ್ಕೆಟ್‌ನಲ್ಲಿ ಮೀನು ಮಾರುವ ಅಮ್ಮ ನನಗೆ ಬಂಗುಡೆ ಕೊಡಲು ಒಪ್ಪಲಿಲ್ಲ. "ಆ ಪೊಣ್ಣಗ್ ದಾಯೆ ಉಪದ್ರ ಕೊರ್ಪರ್?" ಅಂತ ನಿಜವಾದ ಸಿಟ್ಟಿನಿಂದ ಕೇಳಿದರು. ಆ ಹುಡುಗಿಗೆ ಯಾಕೆ ಉಪದ್ರ ಕೊಡ್ತೀರಿ ಅಂತ. ನನ್ನ ಅಪ್ಪ ಪಕ್ಕದಲ್ಲೇ ಇದ್ದರು. ನಾನು ಬೆಂಗಳೂರಿಗೆ ಹೋದ ಮೇಲೆ ನಾಲ್ಕು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡದಿದ್ದವರು ಅವತ್ತು ಆ ಅಮ್ಮನಿಗೆ, "ಅವಳು ನನ್ನ ಮಗಳು, ಅದು ನಟನೆ" ಅಂದರು. ಆಮೇಲೆ ಮನೆಯವರೆಗೂ ಬಂಗುಡೆಯ ಚೀಲವನ್ನು ಅವರೇ ಹಿಡಿದುಕೊಂಡು ಬಂದರು. ಅಪ್ಪಂದಿರಿಗೆ ಸಮಯ ಬೇಕು. ಒತ್ತಾಯ ಮಾಡಬೇಡಿ, ಲುಕ್ ಟೆಸ್ಟ್‌ಗೆ ಅವರನ್ನೇ ಜೊತೆಗೆ ಕಳುಹಿಸಿ. ಸೆಟ್ ಕಣ್ಣಾರೆ ನೋಡಿದರೆ ಅರ್ಧ ಅನುಮಾನ ಹೋಗುತ್ತದೆ. ನಿಜವಾಗಿ ಅನುಮಾನ ಪಡುವಂಥದ್ದು ಇದ್ದರೆ ಅದೂ ಅವರ ಕಣ್ಣಿಗೆ ಬೀಳುತ್ತದೆ.

ಡಿಗ್ರಿ ಮುಗಿಸದೆ ಮಾತ್ರ ಹೋಗುವುದು ಬೇಡ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಪರೀಕ್ಷೆಯ ಟೈಮ್‌ಟೇಬಲ್ ಕೈಯಲ್ಲಿ ಹಿಡಿದುಕೊಂಡೇ ಹೋಗಲಿ, ಆ ದಿನಗಳಲ್ಲಿ ಶೂಟಿಂಗ್ ಇರಬಾರದು ಅಂತ ಮೊದಲೇ ಹೇಳಲಿ. ನಾಯಕಿಯನ್ನು ಆರಿಸಿ ಪ್ರೋಮೊ ತೆಗೆದ ಮೇಲೂ ಸೀರಿಯಲ್ ಶುರುವಾಗಲು ಎಷ್ಟೋ ಸಲ ತಿಂಗಳುಗಳು ಹಿಡಿಯುತ್ತವೆ. ನಾಲ್ಕು ಪೇಪರ್ ಬರೆಯಲು ಜಾಗ ಸಿಗುತ್ತದೆ. ಜಾಗ ಕೊಡುವುದೇ ಇಲ್ಲ ಅಂದರೆ, ಆ ಸೀರಿಯಲ್ ಬಿಡಿ. ಹೊಸ ಮುಖ ಹುಡುಕುವವರು ಮುಂದಿನ ವರ್ಷವೂ ಇರುತ್ತಾರೆ. ಅಷ್ಟರಲ್ಲಿ ಬೇಕಾದರೆ ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ರಂಗ ಶಿಕ್ಷಣಕ್ಕೆ ಅರ್ಜಿ ಹಾಕಬಹುದು. ಅಲ್ಲಿ ಕಲಿತು ಬಂದವರು ಅಮ್ಮನ ಪಾತ್ರಕ್ಕೆ ಇಳಿದಾಗಲೂ ಗಟ್ಟಿಯಾಗಿ ನಿಂತದ್ದನ್ನು ಸೆಟ್‌ನಲ್ಲಿ ಕಂಡಿದ್ದೇನೆ.

ಲುಕ್ ಟೆಸ್ಟ್‌ಗೆ ಎರಡು ಸೀರೆ ಸಾಕು, ಒಂದು ಹತ್ತಿ, ಒಂದು ರೇಷ್ಮೆ. ರವಿಕೆ ಸರಿಯಾಗಿ ಕೂರಬೇಕು, ಅದನ್ನು ಇವತ್ತೇ ಹಾಕಿ ನೋಡಲಿ. ಮುಖಕ್ಕೆ ಹಿಂದಿನ ದಿನ ಪಾರ್ಲರ್‌ನಲ್ಲಿ ಏನೂ ಮಾಡಿಸಬೇಡಿ, ಚರ್ಮ ಕೆಂಪಾದರೆ ಕ್ಯಾಮೆರಾ ಬಿಡುವುದಿಲ್ಲ. ಮಳೆಗಾಲವಾದರೆ ಘಾಟಿ ನಂಬಿ ರಾತ್ರಿ ಬಸ್‌ನಲ್ಲಿ ಹೊರಡಬೇಡಿ, ಒಂದು ದಿನ ಮೊದಲೇ ತಲುಪಿ ಚೆನ್ನಾಗಿ ನಿದ್ದೆ ಮಾಡಲಿ. ಕರೆದವರ ಹೆಸರು, ಚಾನೆಲ್, ಜಾಗ ನನಗೆ ಬರೆದು ಕಳುಹಿಸಿ. ವಿಚಾರಿಸಿ ಹೇಳುತ್ತೇನೆ.